ಆಪತ್ತಿಗಾದವನೇ ನೆಂಟ

ಈ ಗಾದೆಯ ಜೀವ ಇರುವುದು ‘ಆದವನೇ’ ಎಂಬ ಮಾತಿನಲ್ಲಿ. ಆಪತ್ತಿಗೆ ಬರುವವರು ಬೇಕಾದಷ್ಟು ಜನ. ಬಂದು, ಕಾಫಿ ಕುಡಿದು, ‘ಏನಾದ್ರೂ ಬೇಕಿದ್ರೆ ಹೇಳಿ’ ಎಂದು ಚಪ್ಪಲಿ ಮೆಟ್ಟುತ್ತಾರೆ. ಆಗುವುದು ಬೇರೆ. ‘ಅವರು ನಮಗೆ ಆಗಿಬಂದವರು’ ಅನ್ನುತ್ತೇವೆ. ಮುನಿದರೆ ‘ಅವನಿಗೂ ನನಗೂ ಆಗೋದಿಲ್ಲ’. ಇನ್ನೊಂದು ಸೂಕ್ಷ್ಮವೂ ಇದೆ. ಗಾದೆ ‘ಗೆಳೆಯ’ ಅನ್ನದೆ ‘ನೆಂಟ’ ಅಂದಿದೆ. ಹುಟ್ಟಿನಿಂದಲೋ ಮದುವೆಯಿಂದಲೋ ಬರಬೇಕಾದ ಪಟ್ಟವನ್ನು ಕೆಲಸ ನೋಡಿ ಕೊಟ್ಟುಬಿಟ್ಟಿದೆ.

ಈ ಯೋಚನೆ ಹತ್ತಿಕೊಂಡದ್ದು ಹೊಸಕೋಟೆಯಲ್ಲಿ, ಒಂದು ಭಾನುವಾರ ಬೆಳಗಿನ ಜಾವ ಐದಕ್ಕೆ, ದಮ್ ಬಿರಿಯಾನಿಯ ಸಾಲಿನಲ್ಲಿ. ಕಾಲೇಜು ಬಿಟ್ಟು ಹದಿನೇಳು ವರ್ಷದ ಮೇಲೆ ನಾವು ನಾಲ್ವರು ಸೇರಿದ್ದೆವು. ಒಬ್ಬ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ನೈಟ್ ಶಿಫ್ಟ್ ಮುಗಿಸಿ, ಕೊರಳಲ್ಲಿ ಐಡಿ ಕಾರ್ಡು ತೂಗಾಡುತ್ತಲೇ ಬಂದ. ಹಂಡೆಯ ಮುಚ್ಚಳ ತೆಗೆದಾಗ ಎದ್ದ ಹಬೆಗೆ ಅವನ ಕನ್ನಡಕ ಮಂಜಾಯಿತು. ಅದನ್ನು ಒರೆಸುತ್ತಾ ಅಂದ: “ಮುಂದಿನ ತಿಂಗಳು ಮಗಳ ಜ್ಞಾನಸ್ನಾನ. ಗಾಡ್‌ಫಾದರ್ ನೀನೇ ಆಗ್ಬೇಕಿತ್ತು ಕಣೋ. ಆದ್ರೆ ಆಗಲ್ಲ.”

ಫೈನಲ್ ಇಯರ್‌ನಲ್ಲಿ ಅವನ ತಂದೆ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಅವರ ಮಂಚದ ಪಕ್ಕ ಚಾಪೆ ಹಾಸಿಕೊಂಡವನು ನಾನು. ಅದನ್ನವನು ಮರೆತಿರಲಿಲ್ಲ. ಆದರೆ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಜ್ಞಾನತಂದೆ, ಅಂದರೆ ಗಾಡ್‌ಫಾದರ್, ಆಗುವವನು ಕಥೋಲಿಕನೇ ಆಗಿರಬೇಕು. ಸಾಮಾನ್ಯವಾಗಿ 16 ತುಂಬಿರಬೇಕು. ನಾನು ಹಿಂದೂ. ಪಟ್ಟ ನಮ್ಮ ಗುಂಪಿನ ಇನ್ನೊಬ್ಬ ಕಥೋಲಿಕ ಗೆಳೆಯನಿಗೆ ಹೋಯಿತು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಆ ಸಂಹಿತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ನಿಯಮ: ಹೆತ್ತ ಅಪ್ಪ, ಅಮ್ಮ ಈ ಸ್ಥಾನಕ್ಕೆ ಬರುವಂತಿಲ್ಲ. ಮಗುವಿಗೆ ಅವರಾಚೆಗೆ ಇನ್ನೊಬ್ಬರಿರಲಿ ಎಂಬ ಮುಂದಾಲೋಚನೆ. ನಮ್ಮಲ್ಲೂ ಕಿವಿ ಚುಚ್ಚುವಾಗ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ಆದರೆ ಮಾವ ರಕ್ತದ ಜೊತೆಗೇ ಬಂದವನು; ಜ್ಞಾನತಂದೆಯನ್ನು ಆರಿಸಿಕೊಳ್ಳಬೇಕು, ಅದೂ ಆಪತ್ತು ಬರುವುದಕ್ಕೆ ಮೊದಲೇ. ಗಾದೆ ಎಲ್ಲ ಮುಗಿದ ಮೇಲೆ ತಿರುಗಿ ನೋಡಿ ‘ಇವನೇ ನೆಂಟ’ ಅನ್ನುತ್ತದೆ. ಚರ್ಚಿನಲ್ಲಿ ನೆಂಟಸ್ತನವನ್ನು ಮುಂಗಡವಾಗಿ ಬರೆಸಿಕೊಳ್ಳುತ್ತಾರೆ. ಲ್ಯಾಟಿನ್‌ನಲ್ಲಿ ಈ ವ್ಯಕ್ತಿಗೆ ‘ಸ್ಪಾನ್ಸರ್’ ಎಂದು ಹೆಸರು. ನಮ್ಮ ಮಾತಲ್ಲಿ ಜಾಮೀನುದಾರ. ಕ್ರಿ.ಶ. 200ರ ಆಸುಪಾಸಿನಲ್ಲೇ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಈ ಜಾಮೀನುದಾರರ ಬಗ್ಗೆ ಮರುಗಿದ್ದಾನೆ: ಮಗುವಿನ ಪರವಾಗಿ ಕೊಟ್ಟ ಮಾತು ಉಳಿಸಿಕೊಳ್ಳುವ ಮೊದಲೇ ಇವರು ಸತ್ತರೆ? ಮಗು ದಾರಿ ತಪ್ಪಿದರೆ? ಬ್ಯಾಂಕ್ ಸಾಲಕ್ಕೆ ಸಹಿ ಹಾಕಿದ ಯಾರಿಗಾದರೂ ಈ ಸಂಕಟ ಗೊತ್ತು. ‘ಇಂಡಸ್ಟ್ರೀಲಿ ನನಗೆ ಗಾಡ್‌ಫಾದರ್ ಯಾರೂ ಇಲ್ಲ’ ಎಂದು ಕೊರಗುವ ನಮ್ಮ ಸಿನಿಮಾದವರಿಗೆ ಬೇಕಾಗಿರುವುದು ಇಂಥ ಜಾಮೀನುದಾರನಲ್ಲ, ಕೈಹಿಡಿದು ಮೇಲೆತ್ತುವವನು, ಅಷ್ಟೆ.

ಅಂದಹಾಗೆ ‘ಗಾಸಿಪ್’ ಅನ್ನುವ ಇಂಗ್ಲಿಷ್ ಪದ ಹುಟ್ಟಿದ್ದೇ ‘ಗಾಡ್‌ಸಿಬ್’ನಿಂದ. ದೇವರ ಮುಂದೆ ನೆಂಟರಾದವರು ಎಂದು ಮೊದಲರ್ಥ. ಆಮೇಲೆ ಆಪ್ತ ಗೆಳತಿಯರು, ಕೊನೆಗೆ ಅವರ ಹರಟೆ. ಆ ಬೆಳಗ್ಗೆ ಬಿರಿಯಾನಿ ಮುಗಿದು ಕೈ ಒಣಗಿದರೂ ನಾವು ಯಾರ ಸುದ್ದಿಯನ್ನೂ ಬಿಟ್ಟಿರಲಿಲ್ಲ.

ಜ್ಞಾನಸ್ನಾನದ ದಿನ ಮೂರನೇ ಸಲ ನೆತ್ತಿಗೆ ನೀರು ಬಿದ್ದಾಗ ಮಗು ಕಿಟಾರನೆ ಕಿರುಚಿತು. ಜ್ಞಾನತಂದೆ ಪಾಸ್ಕದ (ಈಸ್ಟರಿನ) ದೊಡ್ಡ ಮೇಣದ ಬತ್ತಿಯಿಂದ ಚಿಕ್ಕದನ್ನು ಹೊತ್ತಿಸಿಕೊಂಡ. ಕೈ ನಡುಗಿ ಮೇಣ ಅವನ ಹೊಸ ಶರ್ಟಿನ ತೋಳಿಗೆ ಬಿತ್ತು. ರಿಜಿಸ್ಟರಿನಲ್ಲಿ ಅವನ ಹೆಸರು ಬಿತ್ತು. ನಾನು ಹಿಂದಿನ ಬೆಂಚಿನಲ್ಲಿ ಹಾಲಿನ ಬಾಟಲಿ ಹಿಡಿದು ಕೂತಿದ್ದೆ. ಮನೆಗೆ ಬಂದು ನೋಡಿದರೆ ಮಗುವಿನ ಒಂದು ಸಾಕ್ಸ್ ನನ್ನ ಜೇಬಿನಲ್ಲೇ ಇದೆ. ಮಗುವಿನ ಅಪ್ಪನಿಗೆ ಫೋನ್ ಮಾಡಿದೆ. “ಭಾನುವಾರ ಸಾಲಿಗೆ ಬರ್ತೀಯಲ್ಲ, ಆಗ ತಾ” ಅಂದ.