ಗೌರವವು ಯಾರ ಸಾಲ?

(ಮತ್ತಾಯ 23: 8–12)

ಪ್ರಿಯರೇ, ಮಹಾಂತೇಶ ನಗರದಲ್ಲಿರುವ ಮಗಳ ಮನೆಗೆ ಹಳ್ಳಿಯಿಂದ ಬಂದಿದ್ದ ಒಬ್ಬ ವಿಧವೆಯ ಸಂಗಡ ನಾನು ಒಮ್ಮೆ ಒಂದು ಕಚೇರಿಗೆ ಹೋಗಿದ್ದೆನು. ತೀರಿಹೋದ ಗಂಡನ ಹೊಲದ ಉತಾರದಲ್ಲಿ ತನ್ನ ಹೆಸರು ಬರಬೇಕೆಂಬದೇ ಆಕೆಯ ಬೇಡಿಕೆ. ಆಕೆ ಮೇಜಿನ ಮುಂದೆ ನಿಂತು, “ಯಪ್ಪಾ, ನನ್ನ ಕಾಗದ ನೋಡು” ಅಂದಳು. ಅಧಿಕಾರಿಯು ಕಾಗದವನ್ನು ಮುಟ್ಟದೆ, “ಯಾರಿಗೆ ಯಪ್ಪಾ ಅಂತೀ? ಸಾಹೇಬರ ಅನ್ನು” ಎಂದು ಗದರಿಸಿದನು. ಆಕೆ ಬೆದರಿ ಹೇಳಬೇಕಾದದ್ದನ್ನೇ ಮರೆತಳು. ಕೆಲಸವಾಗದೆ ಹಿಂದಿರುಗಿದೆವು. ನಮ್ಮ ಸೀಮೆಯಲ್ಲಿ ತಂದೆಯೆಂದು ಕರೆಯುವದಕ್ಕಿಂತ ದೊಡ್ಡ ಬಿರುದು ಯಾವದು?

ಹೀಗಿರಲಾಗಿ ಅಧಿಕಾರಿಯು ತನ್ನ ಪದವಿಯ ಹೆಸರಿನಿಂದಲೇ ಕರೆಯಬೇಕೆಂದು ಹಟ ಹಿಡಿಯಬಹುದೋ?

ಮೊದಲು ನಮ್ಮ ಕರ್ತವ್ಯವನ್ನು ನೋಡೋಣ. ಗೌರವ ಸಲ್ಲತಕ್ಕವರಿಗೆ ಅದನ್ನು ಸಲ್ಲಿಸಬೇಕೆಂದು ಪೌಲನು ರೋಮಾಪುರದವರಿಗೆ ಬರೆದನು. ತಾನೂ ಹಾಗೆಯೇ ನಡೆದನು. ಫೆಸ್ತನು ತನ್ನನ್ನು ಹುಚ್ಚನೆಂದಾಗಲೂ ಬೇಡಿ ತೊಟ್ಟಿದ್ದ ಪೌಲನು ಮರ್ಯಾದೆಯಿಂದಲೇ ಉತ್ತರಕೊಟ್ಟನು. ಯಾರೂ ಅವನನ್ನು ಬಲವಂತಮಾಡಲಿಲ್ಲ. ಆದರೆ ಸಲ್ಲಿಸುವವನಿಗೆ ಹೇಳಿದ ಆ ಮಾತನ್ನು ಪಡೆಯುವವನು ವಸೂಲಿಯ ಚೀಟಿಯಾಗಿ ಹಿಡಿಯಬಾರದು. ಜನರು ದೇವರೆಂದು ಕೂಗಿದಾಗ ಸುಮ್ಮನೆ ಒಪ್ಪಿಕೊಂಡ ಹೆರೋದನ ಅಂತ್ಯವನ್ನು ಬಲ್ಲಿರಷ್ಟೆ.

ದೇಶದ ಕಾಯಿದೆಯೂ ಇದನ್ನೇ ಕಲಿಸುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಸೀಮೆಯಲ್ಲಿ ರಾವಸಾಹೇಬ, ರಾವಬಹಾದ್ದೂರ ಎಂಬ ಬಿರುದುಗಳಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ಅನುಚ್ಛೇದವು ಸೈನ್ಯದ ಮತ್ತು ವಿದ್ಯೆಯ ಪದವಿಗಳ ಹೊರತು ಸರಕಾರವು ಬಿರುದು ಕೊಡುವದನ್ನು ನಿಷೇಧಿಸಿತು. ತಹಶೀಲ್ದಾರ, ಜಿಲ್ಲಾಧಿಕಾರಿ ಎಂಬ ಹೆಸರುಗಳು ಉಳಿದಿವೆ. ಅವು ಕೆಲಸವನ್ನು ತಿಳಿಸುತ್ತವೆ, ಮನುಷ್ಯನ ಎತ್ತರವನ್ನಲ್ಲ. ಯಾವ ಮೇಜಿಗೆ ಹೋಗಬೇಕೆಂದು ಬಡವನಿಗೆ ತೋರಿಸುವದಕ್ಕೆ, ಆಜ್ಞೆಯ ಕೆಳಗೆ ರುಜು ಹಾಕಿದವನು ಯಾರೆಂದು ತಿಳಿಸುವದಕ್ಕೆ ಅವು ಬೇಕು.

2012ನೆಯ ಅಕ್ಟೋಬರ 11ರಂದು ಬೆಳಗಾವಿಯ ಸುವರ್ಣ ವಿಧಾನ ಸೌಧವನ್ನು ರಾಷ್ಟ್ರಪತಿ ಪ್ರಣವ ಮುಖರ್ಜಿಯವರು ಉದ್ಘಾಟಿಸಿದರು. ಅದೇ ತಿಂಗಳಲ್ಲಿ ಅವರು, ದೇಶದೊಳಗಿನ ಸಮಾರಂಭಗಳಲ್ಲಿ ತಮ್ಮ ಹೆಸರಿನ ಮುಂದೆ ‘ಘನತೆವೆತ್ತ’ ಎಂಬಂಥ ವಿಶೇಷಣ ಬೇಡ, ‘ಮಾನ್ಯ’ ಎಂದರೆ ಸಾಕು ಎಂಬ ಕ್ರಮಕ್ಕೆ ಒಪ್ಪಿಗೆಯಿತ್ತರು. 2021ರಲ್ಲಿ ನಮ್ಮ ರಾಜ್ಯದ ಹೈಕೋರ್ಟಿನ ನ್ಯಾಯಮೂರ್ತಿ ಜ್ಯೋತಿ ಮೂಲಿಮನಿಯವರು ತಮ್ಮನ್ನು ‘ಪ್ರಭು’ ಎಂಬರ್ಥದ ಇಂಗ್ಲಿಷ್ ಮಾತಿನಿಂದ ಕರೆಯಬೇಡಿರೆಂದು ವಕೀಲರನ್ನು ಕೇಳಿಕೊಂಡರು. ಇದರಿಂದ ರಾಷ್ಟ್ರಪತಿಯ ಸ್ಥಾನ ಕುಗ್ಗಿತೋ? ನ್ಯಾಯಾಧಿಪತಿಯ ತೀರ್ಪು ಹಗುರವಾಯಿತೋ? ಇಲ್ಲವಷ್ಟೆ.

ಆದರೆ ಪ್ರಿಯರೇ, ಕಚೇರಿಯವರನ್ನು ಮಾತ್ರ ದೂರಿ ಸುಮ್ಮನಾಗಬಾರದು. ‘ಅಯ್ಯನವರೇ’ ಎನ್ನದೆ ಹೆಸರು ಹಿಡಿದು ಕರೆದ ಹುಡುಗನ ಮೇಲೆ ಈ ಉಪದೇಶಿಯೂ ಮುನಿದದ್ದುಂಟು. ಬೋಧಕರೆನಿಸಿಕೊಳ್ಳಬೇಡಿರೆಂದು ಕರ್ತನು ಹೇಳಿದ್ದು ಮೊದಲು ತನ್ನ ಶಿಷ್ಯರಿಗೇ. ಆತನು ಬಿರುದನ್ನು ಕೇಳದೆ ಅವರ ಕಾಲುಗಳನ್ನು ತೊಳೆದನು.

ಆದದರಿಂದ ಸರಕಾರೀ ಕೆಲಸದಲ್ಲಿರುವ ನಮ್ಮ ಮಕ್ಕಳೇ, ಹಳ್ಳಿಯವರು ಬಂದು “ಯಪ್ಪಾ, ಯವ್ವಾ” ಅಂದರೆ ಅವರ ಮಾತನ್ನು ತಿದ್ದಬೇಡಿರಿ. ಕೈಯಲ್ಲಿರುವ ಕಾಗದವನ್ನು ಮೊದಲು ತೆಗೆದುಕೊಳ್ಳಿರಿ. ಆಮೆನ್.