ಹಿಂದಿನ ಮಾಲೀಕನ ಋಣ





ಬ್ಯಾಂಕಿನ ಆನ್‌ಲೈನ್ ಹರಾಜಿನಲ್ಲಿ ಮನೆ ಹಿಡಿದವನ ತಲೆಗೆ ಹಿಂದಿನ ಮಾಲೀಕನ ಕರೆಂಟ್ ಬಾಕಿ ಬಂದು ಕೂತರೆ ಅದು ನ್ಯಾಯವೇ? ನಮ್ಮ ಬಳಗದ ಹುಡುಗರು ಈಚೆಗೆ ಕೇಳುವ ಪ್ರಶ್ನೆ ಇದು. ಸಾಲ ತೀರದ ಮನೆ, ಸೈಟು, ಟ್ರ್ಯಾಕ್ಟರುಗಳ ಹರಾಜು ಈಗ ಮೊಬೈಲಿಗೇ ಬಂದಿದೆ. ನೌಕರಿ ಹಿಡಿದ ನಮ್ಮ ಮಕ್ಕಳೂ ಕೂಗುತ್ತಿದ್ದಾರೆ. ಕೂಗಲಿ, ಸಂತೋಷವೇ. ಆದರೆ ಕೂಗಿದ ಮೇಲೆ ಏನೇನು ಹೊರಬೇಕಾಗುತ್ತದೆ ಎಂಬುದನ್ನು ಇವತ್ತು ಸ್ವಲ್ಪ ಯೋಚಿಸೋಣ.

ನಮ್ಮ ಸೀಮೆಗೆ ಟೆಂಡರ್ ಹೊಸದಲ್ಲ. ತಿಪಟೂರು ಎಪಿಎಂಸಿಯ ಕೊಬ್ಬರಿ ಟೆಂಡರ್ ಆನ್‌ಲೈನ್ ಆಗಿ ಎಷ್ಟೋ ವರ್ಷವಾಯಿತು. ವರ್ತಕ ಒಂದು ಲಾಟಿಗೆ ದರ ಒತ್ತುತ್ತಾನೆ. ದರ ಸಾಲದು ಎನಿಸಿದರೆ ಮಾಲು ಕೊಡುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಗೆದ್ದ ವರ್ತಕ ಮಾತ್ರ ಹಿಂದೆ ಸರಿಯುವಂತಿಲ್ಲ. ಒತ್ತಿದ ದರದ ಮೇಲೆ ಮಾರುಕಟ್ಟೆ ಶುಲ್ಕ, ದಲಾಲಿ ಅವನದೇ. ಕಾನೂನಿನ ಪ್ರಕಾರ ರೈತನ ಹಣದಲ್ಲಿ ಕಮಿಷನ್ ಮುರಿಯುವಂತಿಲ್ಲ. (ಮುರಿಯುವವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ.) ಅನುಭವಸ್ಥ ವರ್ತಕ ಇದನ್ನೆಲ್ಲ ಕೂಡಿ ಕಳೆದು ಆಮೇಲೆ ಗುಂಡಿ ಒತ್ತುತ್ತಾನೆ.

ಬೆಲೆ ಆಡಿದ ಮೇಲೆ ಆಡಿದವನು ಕಟ್ಟುಬಿದ್ದ ಹಾಗೆ ಎಂಬುದು ಎಪಿಎಂಸಿ ಕಂಡುಹಿಡಿದ ನಿಯಮವಲ್ಲ. ಜೇತವನದ ಕತೆ ನಮಗೆಲ್ಲ ಗೊತ್ತು. ಆದರೆ ಅದರೊಳಗೆ ಒಂದು ವ್ಯಾಜ್ಯವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಅದು ಬರುತ್ತದೆ. ಅನಾಥಪಿಂಡಿಕ ತೋಟ ಕೇಳಿದಾಗ ರಾಜಕುಮಾರ ಜೇತನಿಗೆ ಕೊಡುವ ಮನಸ್ಸಿರಲಿಲ್ಲ. ಕೋಟಿ ನಾಣ್ಯ ಹಾಸಿದರೂ ಕೊಡೆನು ಎಂದ. ಅನಾಥಪಿಂಡಿಕ ಅಷ್ಟನ್ನೇ ಹಿಡಿದುಕೊಂಡ: ಹಾಗಾದರೆ ವ್ಯಾಪಾರ ಮುಗಿಯಿತು. ಇಲ್ಲ ಎಂದ ಜೇತ. ಇಬ್ಬರೂ ನ್ಯಾಯಾಧಿಕಾರಿಗಳ ಬಳಿ ಹೋದರು. ನೀವು ಬೆಲೆ ಕಟ್ಟಿದ್ದೀರಿ, ಆದ್ದರಿಂದ ತೋಟ ಹೋಯಿತು ಎಂಬರ್ಥದ ತೀರ್ಪು ಬಂತು. ನಿರಾಕರಿಸಲು ಆಡಿದ ಮಾತೇ ರಾಜಕುಮಾರನನ್ನು ಕಟ್ಟಿಹಾಕಿತು. ಕೊಂಡವನದೂ ನೋಡಿ. ಗಾಡಿಗಳಲ್ಲಿ ತಂದ ಹೊನ್ನು ಹಾಸಿದಾಗ ಬಾಗಿಲ ಬಳಿ ಸ್ವಲ್ಪ ಜಾಗ ಉಳಿಯಿತು. ಇಷ್ಟಕ್ಕೇ ಬಿಡಿ ಎಂದು ಅವನು ಚೌಕಾಸಿ ಮಾಡಲಿಲ್ಲ, ಇನ್ನಷ್ಟು ತರಿಸಲು ಹೊರಟ. ಆ ಜಾಗ ನನ್ನ ದಾನವಾಗಲಿ ಎಂದು ಜೇತನೇ ತಡೆದು, ಅಲ್ಲಿ ಬಾಗಿಲುಮನೆ ಕಟ್ಟಿಸಿದ.

ಈಗ ಬ್ಯಾಂಕಿನ ಹರಾಜಿಗೆ ಬರೋಣ. ಗೆದ್ದವನು ಅದೇ ದಿನ ಅಥವಾ ಮರುದಿನ ಶೇಕಡಾ 25 ಕಟ್ಟಬೇಕು. ಮಾರಾಟ ಖಾಯಂ ಆದ 15 ದಿನದಲ್ಲಿ, ಅಥವಾ ಬರಹದಲ್ಲಿ ಪಡೆದ ಹೆಚ್ಚಿನ ಅವಧಿಯಲ್ಲಿ ಉಳಿದದ್ದು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಇದಾದರೂ ನೋಟಿಸಿನಲ್ಲಿ ಕಾಣುತ್ತದೆ. ಕಾಣಿಸಿಯೂ ಕಾಣದಿರುವುದು ಇನ್ನೊಂದು ಸಾಲು: ಆಸ್ತಿ 'ಇರುವಲ್ಲೇ, ಇರುವ ಹಾಗೆಯೇ'. ತೆರಿಗೆ ಬಾಕಿ, ಕರೆಂಟ್ ಬಾಕಿ, ಕೆಲವೊಮ್ಮೆ ಒಳಗೆ ಇನ್ನೂ ಒಲೆ ಹಚ್ಚುತ್ತಿರುವ ಸಂಸಾರ, ಎಲ್ಲ ಆ ಸಾಲಿನಲ್ಲಿದೆ. ನಿಯಮಗಳಲ್ಲಿ ಅವಕಾಶವಿದ್ದರೆ ಹಳೆಯ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವನಿಂದಲೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ.

ಹುಡುಗರ ಸಿಟ್ಟು ಇಲ್ಲಿಯೇ. ಯಾರೋ ಉರಿಸಿದ ದೀಪಕ್ಕೆ ನಾನೇಕೆ ದುಡ್ಡು ಕೊಡಲಿ? ನಮ್ಮವರ ಬಾಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಹಿಂದಿನ ಜನ್ಮದ ಕರ್ಮವೆಂದು ಹೇಳಿ ನಮ್ಮನ್ನು ಊರ ಹೊರಗೆ ಇಟ್ಟವರ ಲೆಕ್ಕವೂ ಹೀಗೇ ಇತ್ತಲ್ಲ, ಯಾರದೋ ಬಾಕಿ ಯಾರ ತಲೆಗೋ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಆ ಪೂರ್ವಜನ್ಮದ ಲೆಕ್ಕವನ್ನು ತಿರಸ್ಕರಿಸಿದರು.

ಆದರೆ ಎರಡೂ ಒಂದೇ ಅಲ್ಲ ಎಂದು ನನಗೆ ಅನಿಸುತ್ತದೆ. ಹುಟ್ಟುವ ಮಗು ಕೇರಿಯನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ಹರಾಜು ಕೂಗುವವನು ಆರಿಸಿಯೇ ಕೂಗುತ್ತಾನೆ. ಮೂವತ್ತು ಲಕ್ಷದ ಮನೆ ಇಪ್ಪತ್ತಕ್ಕೆ ಸಿಕ್ಕಿತು ಎಂದರೆ ಆ ಹತ್ತು ಲಕ್ಷ ಎಲ್ಲಿಂದ ಬಂತು? ಆ ಮನೆಗೊಂದು ಹಿಂದಿದೆ, ಅದಕ್ಕೆ ಹೆದರಿ ಬೇರೆಯವರು ಕೂಗಲಿಲ್ಲ. ಹಿಂದಿನ ಲಾಭ ನನಗೆ, ಹಿಂದಿನ ಬಾಕಿ ಬೇರೆಯವರಿಗೆ ಎನ್ನುವುದು ಹೇಗೆ? ಚೇತನವೇ ಕರ್ಮ ಎಂದರು ಭಗವಾನರು. ಕೇಳಿದರೆ ಗೊತ್ತಾಗುತ್ತಿತ್ತು, ಗೊತ್ತಾದರೆ ಬಿಡಬೇಕಾಗುತ್ತಿತ್ತು ಎಂದು ಕೇಳದೆ ಉಳಿದದ್ದೂ ಚೇತನವೇ.

ಕರೆಂಟ್ ಬಾಕಿ ಸಣ್ಣದು. ನಮಗೆ ನಿಜವಾಗಿ ತಟ್ಟುವುದು ಜಮೀನು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಭೂಮಿ ಅಷ್ಟಿಷ್ಟು ಕಾಸಿಗೆ ಕೈಬಿಟ್ಟು ಹೋಗುತ್ತಿದ್ದುದರಿಂದಲೇ 1978ರ ಪಿಟಿಸಿಎಲ್ ಕಾಯ್ದೆ ಬಂತು. ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯವೇ ಅಸಿಂಧು. ಕೋರ್ಟಿನ ಡಿಕ್ರಿ ಜಾರಿಗೆ ನಡೆದ ಮಾರಾಟಕ್ಕೂ ಇದೇ ನಿಯಮವೆಂದು 4ನೇ ಕಲಮು ಹೇಳುತ್ತದೆ. ಹಣ ಕೊಟ್ಟು ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ತಡವಾಗಿ ಬಂದ ಅರ್ಜಿಗಳು 2017ರ ತೀರ್ಪಿನ ನಂತರ ಬೀಳತೊಡಗಿದವು. ಅದಕ್ಕೇ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ತರಬೇಕಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಇಂಥ ಅರ್ಜಿ ತಿಪಟೂರಿನ ಉಪವಿಭಾಗಾಧಿಕಾರಿಗಳ ಮುಂದೆ ಬರುತ್ತದೆ.

ಈ ಕಾಯ್ದೆ ಕೊಳ್ಳುವವನ ಜಾತಿ ಕೇಳುವುದಿಲ್ಲ. ನಮ್ಮ ಹುಡುಗನೇ ಕೂಗಿದ್ದರೂ ಮಂಜೂರಾತಿ ಪಡೆದ ಅಜ್ಜಿಯ ಮೊಮ್ಮಕ್ಕಳು ಅರ್ಜಿ ಹಾಕಬಹುದು. ಆಗ ಅವನಿಗೆ ಆಗುವ ನಷ್ಟ ದೊಡ್ಡದು, ನನಗೂ ಮರುಕವಿದೆ. ಆದರೂ ಜಮೀನು ಆ ಮೊಮ್ಮಕ್ಕಳಿಗೆ ಸೇರಬೇಕು ಎಂದೇ ನಾನು ಹೇಳುತ್ತೇನೆ. ಗೃಹಸ್ಥನ ನಾಲ್ಕು ಸುಖಗಳನ್ನು ಭಗವಾನರು ಹೇಳಿದ್ದು ಅದೇ ಅನಾಥಪಿಂಡಿಕನಿಗೆ: ಆಸ್ತಿ ಇರುವ ಸುಖ, ಅನುಭವಿಸುವ ಸುಖ, ಸಾಲವಿಲ್ಲದ ಸುಖ, ಕಳಂಕವಿಲ್ಲದ ಸುಖ. ಮೊದಲ ಮೂರು ಸೇರಿದರೂ ಕೊನೆಯದರ ಹದಿನಾರನೆಯ ಒಂದು ಪಾಲಿಗೆ ಬಾರವು ಎಂದರು.

ಮುಂದಿನ ಸಲ ಕೂಗುವ ಮೊದಲು ಪಹಣಿಯಷ್ಟೇ ನೋಡಿ ಸುಮ್ಮನಾಗಬೇಡಿ. ಮೂಲ ಸಾಗುವಳಿ ಚೀಟಿ ಯಾರ ಹೆಸರಿಗೆ, ಯಾವ ವರ್ಷ, ಯಾವ ಷರತ್ತಿನ ಮೇಲೆ ಆಗಿತ್ತು ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಮನೆಯಾದರೆ ಒಂದು ಸಲ ಹೋಗಿ ಬಾಗಿಲು ತಟ್ಟಿ, ಒಳಗೆ ಯಾರಿದ್ದಾರೆ ನೋಡಿ.

ಜೈ ಭೀಮ್.