ಕಸಬನ್ನು ಬಿಟ್ಟ ವೈದ್ಯನು

ಧ್ಯಾನಕ್ಕಾಗಿ: ಅಪೊಸ್ತಲರ ಕೃತ್ಯಗಳು 18:3; ಕೊಲೊಸ್ಸೆಯವರಿಗೆ 4:14



ಪೌಲನು ಸುವಾರ್ತೆ ಸಾರುತ್ತಲೇ ಗುಡಾರ ಮಾಡುವ ಕಸಬನ್ನು ನಡಿಸಿದನು. ಪೇತ್ರನಾದರೋ ಬಲೆಗಳನ್ನು ಬಿಟ್ಟು ಹೊರಟನು. ಇಬ್ಬರನ್ನೂ ಕರೆದಾತನು ಒಬ್ಬನೇ. ಹಾಗಾದರೆ ತನ್ನ ಕೆಲಸದಲ್ಲಿ ಮನಸ್ಸು ನಿಲ್ಲದವನು ಅಲ್ಲಿಯೇ ಇರಬೇಕೋ, ಬಿಟ್ಟು ಹೋಗಬೇಕೋ ಎಂಬದನ್ನು ಹೇಗೆ ತಿಳಿಯಬೇಕು?

ಇದಕ್ಕೆ ದೃಷ್ಟಾಂತವಾಗಿ ವೇಲ್ಸ್ ದೇಶದ ಮಾರ್ಟಿನ್ ಲಾಯ್ಡ್-ಜೋನ್ಸರನ್ನು ನೋಡೋಣ. 1899ರಲ್ಲಿ ಹುಟ್ಟಿದ ಇವರು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅರಸರಿಗೆ ವೈದ್ಯರಾಗಿದ್ದ ಸರ್ ತಾಮಸ್ ಹಾರ್ಡರರ ಸಹಾಯಕರಾದರು. ಹಣಕ್ಕೂ ಹೆಸರಿಗೂ ದಾರಿ ತೆರೆದಿತ್ತು. ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ಯಾಕಂದರೆ ಅನೇಕ ರೋಗಿಗಳ ಬಾಧೆಯ ಬೇರು ಶರೀರದಲ್ಲಿರದೆ, ದೇವರಿಲ್ಲದ ಬಾಳಿನಲ್ಲಿರುವದನ್ನು ಅವರು ಕಂಡರು. ಔಷಧವು ದೇಹವನ್ನು ಎಬ್ಬಿಸೀತು; ಎದ್ದವನು ಹಳೇ ಪಾಪಕ್ಕೇ ತಿರುಗಿದರೆ ಮಾಡುವದೇನು?

1927ರಲ್ಲಿ ಅವರು ವೈದ್ಯವೃತ್ತಿಯನ್ನು ಬಿಟ್ಟು, ತಾವೂ ವೈದ್ಯೆಯಾಗಿದ್ದ ಪತ್ನಿ ಬೆಥಾನ್‌ರೊಡನೆ ವೇಲ್ಸಿನ ಅಬೆರಾವನ್ ಊರಿಗೆ ಹೋಗಿ, ಅಲ್ಲಿಯ ಸಭೆಯ ಸೇವೆಯನ್ನು ಕೈಕೊಂಡರು. ಅದು ಹಡಗುಕಟ್ಟೆಯಲ್ಲಿಯೂ ಉಕ್ಕಿನ ಕಾರ್ಖಾನೆಯಲ್ಲಿಯೂ ದುಡಿಯುವವರ ಊರು. 1938ರ ವರೆಗೆ ಅಲ್ಲಿದ್ದು, ಆಮೇಲೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಚಾಪೆಲಿನಲ್ಲಿ 1968ರ ವರೆಗೆ ಉಪದೇಶಿಸಿದರು.

ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯೋಣ.

ಒಂದನೆಯದು, ಅವರ ಅಸಮಾಧಾನವು ದುಡಿಮೆಗೆ ಬೇಸತ್ತದ್ದಲ್ಲ. ಮೈಗಳ್ಳ ಎತ್ತು ಯಾವ ನೊಗ ಕಟ್ಟಿದರೂ ಕೊಡಹುವದು. ಕೆಲಸವೇ ಬೇಡವೆನ್ನುವವನು ಊರು ಬದಲಿಸಿದರೂ ಸುಖ ಕಾಣನು.

ಎರಡನೆಯದು, ಅವರು ದುಡುಕಲಿಲ್ಲ. ಬಹುಕಾಲ ತಮ್ಮೊಳಗೆ ಹೋರಾಡಿ, ಮೈ ಸೊರಗುವಷ್ಟು ಯೋಚಿಸಿದ ಮೇಲೆಯೇ ಹೊರಟರು. ಹೊರಟದ್ದೂ ಹೆಚ್ಚಿನ ಸಂಬಳಕ್ಕಲ್ಲ. ಕಡಿಮೆಯ ಕಡೆಗೇ ಇಳಿದರು. ನಮ್ಮ ಆಶೆಯು ನಮ್ಮನ್ನು ಯಾವ ಕಡೆಗೆ ಎಳೆಯುತ್ತದೆಂಬದನ್ನು ಈ ತಕ್ಕಡಿಯಲ್ಲಿ ತೂಗಿ ನೋಡೋಣ.

ಮೂರನೆಯದು, ಕಲಿತ ವಿದ್ಯೆಯು ಹಾಳಾಗಲಿಲ್ಲ. ವೈದ್ಯನು ಲಕ್ಷಣಗಳಿಂದ ರೋಗವನ್ನು ಹುಡುಕುವಂತೆ ಅವರು ಪ್ರಸಂಗದಲ್ಲಿ ಮನುಷ್ಯನ ಹೃದಯವನ್ನು ಪರೀಕ್ಷಿಸುತ್ತಿದ್ದರು. ಆತ್ಮದ ಕುಗ್ಗುವಿಕೆಯನ್ನು ಕುರಿತ ಅವರ ಪ್ರಸಂಗಗಳು 1965ರಲ್ಲಿ ಪುಸ್ತಕವಾದಾಗ, ಅದರ ಹೆಸರಿನಲ್ಲಿಯೇ ಕಾರಣವೂ ಚಿಕಿತ್ಸೆಯೂ ಸೇರಿದ್ದವು.

ಆದರೂ ವೈದ್ಯವೃತ್ತಿಯು ಕೀಳೆಂದು ಯಾರೂ ನೆನಸಬಾರದು. ಪೌಲನ ಜೊತೆಗಾರನಾದ ಲೂಕನು ವೈದ್ಯನಾಗಿದ್ದನಲ್ಲವೇ? ದೇವಶಾಸ್ತ್ರವನ್ನು ಬೋಧಿಸುತ್ತಿದ್ದ ಆಲ್ಬರ್ಟ್ ಶ್ವೈಟ್ಸರರು ಮೂವತ್ತು ವರುಷದವರಾದ ಮೇಲೆ ವೈದ್ಯವಿದ್ಯೆಗೆ ಕೈಹಾಕಿ, 1913ರಲ್ಲಿ ಆಫ್ರಿಕದ ಲಾಂಬರೆನೆಗೆ ಹೋಗಿ ರೋಗಿಗಳ ಸೇವೆ ಮಾಡಿದರು. ಒಬ್ಬರು ಬಿಟ್ಟು ಬಂದ ಹಾದಿಯಲ್ಲೇ ಮತ್ತೊಬ್ಬರು ಹೋದರು.

ಆದದರಿಂದ ಪ್ರಿಯರೇ, ನಿಮ್ಮ ಮಗನಾಗಲಿ ಮಗಳಾಗಲಿ ಕೈಯಲ್ಲಿರುವ ಕೆಲಸದಲ್ಲಿ ಕೊರಗುತ್ತಿದ್ದರೆ ಒಡನೆ ಗದರಿಸಬೇಡಿರಿ, ಒಡನೆ ಬಿಡಿಸಲೂ ಬೇಡಿರಿ. ಜೊತೆಯಲ್ಲಿ ಕೂತು, ಕೊರಗಿನ ಬೇರು ಎಲ್ಲಿದೆಯೆಂದು ವಿಚಾರಿಸಿರಿ, ಕೂಡಿ ಪ್ರಾರ್ಥಿಸಿರಿ. ದಾರಿ ತಿಳಿಯುವ ವರೆಗೆ ಈ ದಿನದ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡಲಿ. ಕರ್ತನು ನಮ್ಮೆಲ್ಲರಿಗೂ ವಿವೇಕವನ್ನು ದಯಪಾಲಿಸಲಿ. ಆಮೆನ್.